ದುಧನಿ ಸ್ಟೇಷನ್ ಎದುರಿನ ಬೋರ್ಡು

ಬರಿ ಮಗಾ, ದೊಡ್ಡ ಅಕ್ಷರದಾಗ ಬರಿ,
ಆ ಮಗ್ಗಲ ಮರಾಠಿ, ಈ ಮಗ್ಗಲ ಕನ್ನಡ.
ಕುಂತು ಚಹಾ ಕುಡಿಯೋರಿಗೆ ತಿಳೀಲಿ.

ಗ್ವಾಡಿ ಮ್ಯಾಲಿನ ಹಳದಿ ಬಣ್ಣ ನಂದಲ್ಲ.
ಚಹಾಪುಡಿ ಕಂಪನಿಯವರು ಬಳದು ಹೋಗ್ಯಾರ,
ವರ್ಷಕ್ಕ ಎಂಟುನೂರು ರೂಪಾಯಿ, ಮ್ಯಾಲೊಂದು ಗಡಿಯಾರ.
ಗಡಿಯಾರ ಹತ್ತು ನಿಮಿಷ ಹಿಂದ ನಡೀತದ,
ಸೊಲ್ಲಾಪುರದ ಗಾಡಿ ತಪ್ಪಿದರ ಅವರನ್ನ ಕೇಳ್ರಿ.
ಗ್ವಾಡ್ಯಾಗ ನಗೋ ಹೆಣ್ಣಮಗಳು ನನ್ನ ಚಹಾ ಕುಡದಾಕಿ ಅಲ್ಲ.
ನಾನೂ ಆ ಪುಡಿ ಹಾಕಂಗಿಲ್ಲ,
ಅಕ್ಕಲಕೋಟದಿಂದ ಬಿಡಿ ಪುಡಿ ತರಸ್ತೀನಿ.

ಡಾಕ್ಟರ ಹಿರೋಳ್ಳಿಯವರ ಕೈಗುಣ ಛಲೋ ಅಂತ ನಾ ಅಂದರ
ಅರ್ಧ ನಂಬ್ರಿ.
ಅವರ ಕಂಪೌಂಡರ ತಿಂಗಳಿಗೊಂದು ಬಿಸ್ಕೂಟ ಡಬ್ಬಿ ತಂದು ಇಡ್ತಾನ.
ಟೇಲರ್ ನಾಮದೇವ ಛಲೋ ಹೊಲೀತಾನ ಅಂದರ
ಪೂರಾ ನಂಬ್ರಿ.
ಅಂವ ನನ್ನ ಎರಡು ಜಂಪರ ದೀಪಾವಳಿಯಿಂದ ಕೊಟ್ಟಿಲ್ಲ,
ಅಂದರೂ ಹೇಳ್ತೀನಿ.

ಬರದ್ಯಾ? ಇನ್ನ ಉದ್ರಿ ವಹಿ ಮಾತು.
ಮೊನ್ನಿ ಇಸ್ತ್ರಿ ಅಂಗಿಯವ ಒಬ್ಬ ಬಂದಿದ್ದ,
ಹೆಸರಿಗೆ ಎರಡು ರೂಪಾಯಿ, ಫೋನ್ ನಂಬರ್ ಇದ್ದರ ಐದು.
"ಯಾರು ಯಾವಾಗ ಬರ್ತಾರ, ಏನು ತಿಂತಾರ,
ಇಷ್ಟ ಹೇಳ್ರಿ ಬಾಯಿ, ನಿಮ್ಮ ಗಂಟೇನು ಹೋಗ್ತದ?"
ನನ್ನ ಗಂಟೇನೂ ಹೋಗಂಗಿಲ್ಲ, ಖರೇ.
ಗಂಟೆಲ್ಲಾ ಮಂದೀದು.
ವಹಿ ತಗದು ತೋರಿಸಿದೆ. ಬರೇ ಗೆರಿ,
ಒಂದೂ ಹೆಸರಿಲ್ಲ. ಎದ್ದು ಹೋದ,
ಚಹಾದ ರೊಕ್ಕ ಸುದ್ದಾ ಕೊಡಲಿಲ್ಲ.
ತಿಳೀತಲ್ಲ? ಈಗ ನಮ್ಮ ಹಮಾಲ ಮಹಿಬೂಬ
ಬ್ಯಾಸಗಿಯಿಂದ ಸಕ್ಕರಿ ಬಿಟ್ಟಾನ,
ಅವನ ಮನ್ಯಾಗಿನವರಿಗೂ ಗೊತ್ತಿಲ್ಲ, ನಾ ಯಾಕ ಹೇಳಲಿ...

ಏನಂದಿ? ಇದನ್ನೂ ಬರದೀ?
ಅಯ್ಯ ನಿನ್ನ, ಒರಸು, ಒರಸು,
ಉಗುಳು ಹಚ್ಚಿ ಒರಸು!
ನೋಡು, ಬಾಯಿ ಹಿಂಗ ಸೋರತದ.

ವಹಿ ಯಾಕ ಬೇಕು, ಬಿಸ್ಕೂಟಿನ ಚೂರು ಸಾಕು.
ಯಾರು ಎಲ್ಲಿ ಕುಂತರು, ಎಷ್ಟು ಹೊತ್ತು ಕುಂತರು
ಸಾಲ ಹಚ್ಚಿದ ಇರಿವಿಗೆ ಎಲ್ಲಾ ಗೊತ್ತು.
ಗಿರಾಕಿ ಎದ್ದ ಕೂಡಲೆ ನಾ ಬೆಂಚು ಒರಸೂದು
ಸ್ವಚ್ಛ ಇರಲಿ ಅಂತ ಅಷ್ಟ ಅಲ್ಲ.

ಜಾಗಾ ಮುಗೀತಾ?
ಮುಗೀಲಿ. ಚಾಕ್‌ಪೀಸ್ ಕೆಳಗ ಇಡು.
ಇನ್ನ ಉಳದದ್ದು ಬೋರ್ಡಿಗಲ್ಲ.

ಒಬ್ಬಾಕಿ ಹುಡುಗಿ ಇದ್ದಳು, ಹೊಲಿಗಿ ಕ್ಲಾಸಿಗೆ ಹೋಗಾಕಿ.
ಶುಕ್ರವಾರಕ್ಕೊಮ್ಮೆ ಎರಡು ಅರ್ಧ ಚಹಾ ಬರಸಾಕಿ.
ಎರಡನೇದ್ದು ಯಾರಿಗಂತ ವಹಿ ಕೇಳಲಿಲ್ಲ,
ನಾನೂ ಕೇಳಲಿಲ್ಲ.
ಅವರಣ್ಣ ಕೇಳಿದ.
ಸಿಟ್ಟಿಲೆ ಅಲ್ಲ, ನಕ್ಕೋತ ಕೇಳಿದ,
"ಆಯಿ, ನಿಮ್ಮ ಬೆಂಚಿನ ಕಾಲು ಮುರದದಲ್ಲ,
ಸಾಗವಾನಿದು ಒಂದು ಕಳಸ್ತೀನಿ" ಅಂದ.
ನಾ ಪುಟ ತಿರುವಿ ಮುಂದ ಹಿಡದೆ.
ಲೆಕ್ಕ ತೋರಿಸೂದರಾಗ ಏನದ, ಅಂದುಕೊಂಡೆ.
ಆಕಿ ಹೆಸರು, ತಾರೀಖು, ಎರಡು ಅರ್ಧ.
ಆಕಿ ಹೆಸರು, ತಾರೀಖು, ಎರಡು ಅರ್ಧ.
ಅಂವ ಬಟ್ಟು ಹಚ್ಚಿ ಓದಿದ,
ಮರಾಠಿ ಸಾಲಿ ಕಲತಾಂವ, ಸಾವಕಾಶ ಓದಿದ.

ಮುಂದಿನ ಶುಕ್ರವಾರ ಆಕಿ ಬರಲಿಲ್ಲ.
ಕ್ಲಾಸ್ ಬಿಡಿಸಿದರಂತ,
ಹದಿನೈದು ದಿನದಾಗ ಇಂಡಿ ಕಡೆ ಎಲ್ಲೋ ಕೊಟ್ಟರಂತ.
ಎರಡನೇ ಚಹಾದಂವ ಒಂದು ದಿನ ಬಂದು
ಆಕಿ ಬಾಕಿ ಹದಿನೆಂಟು ರೂಪಾಯಿ ಎಣಿಸಿ ಇಟ್ಟ,
ನನ್ನ ಮಾರಿ ನೋಡಲಿಲ್ಲ.
ಬೆಂಚು ಬಂತು.

ನೀ ಈಗ ಕಾಲಾಡಿಸಿಗೋತ ಕುಂತೀಯಲ್ಲ, ಅದ.
ಆರು ವರ್ಷ ಆತು, ಪಾಲಿಶ್ ಹೋಗವಲ್ದು.

ಅಂದಿನಿಂದ ವಹ್ಯಾಗ ಗೆರಿ ಅಷ್ಟ ಎಳೀತೀನಿ.
ಯಾವ ಗೆರಿ ಯಾರದು ನನ್ನ ತಲ್ಯಾಗದ,
ಮರತರ ಲುಕ್ಸಾನ ನಂದು.

ತಗೋ ಚಾಕ್‌ಪೀಸ್, ಕೆಳಗ ಸಣ್ಣಕ ಬರಿ:
ಈ ಬೆಂಚು ನಾ ಕೊಂಡದ್ದಲ್ಲ.
ಯಾರು ಕೊಟ್ಟರು, ಯಾಕ ಕೊಟ್ಟರು...
ಬ್ಯಾಡ. ಅದನ್ನ ಬರದರ
ಆಕಿನ್ನ ಮತ್ತೊಮ್ಮೆ ತೋರಿಸಿದಂಗ ಆಗ್ತದ.

ಕೊಂಡದ್ದಲ್ಲ, ಅಂತಷ್ಟ ಇರಲಿ.
ಕೆಳಗ ನನ್ನ ಹೆಸರು ಹಾಕು,
ಸುಗಲಾಬಾಯಿ, ಪೂರಾ ಹಾಕು.