ಉದ್ದೇಶ

ಚಿಂಚೋಳಿ ಕಾಡಿನ ಗೇಟಿನಲ್ಲಿ
ದಾರ ಕಟ್ಟಿದ ಪೆನ್ನು, ಎಣ್ಣೆಗಲೆಯ ರಿಜಿಸ್ಟರು.
ಹೆಸರು, ಜನ, ಗಾಡಿ ನಂಬರು, ಉದ್ದೇಶ.
ಉದ್ದೇಶದ ಕೆಳಗೆ ಎಲ್ಲರದೂ ಒಂದೇ:
ಸುಮ್ನೆ.

ಸುಮ್ನೆ ಬಂದವರು ಮುಲ್ಲಾಮಾರಿಗೆ
ಕಾಲು ಇಳಿಬಿಡುತ್ತೇವೆ.
ಖಡಕ್ ರೊಟ್ಟಿ ಮುರಿದ ಸದ್ದಿಗೆ
ಆಚೆ ದಂಡೆಯ ನವಿಲು ಕತ್ತೆತ್ತುತ್ತದೆ.

ಈ ಐತವಾರ ಲಾಡ್ಲೇಸಾಬ
ಗಾಡಿ ನಿಲ್ಲಿಸುವ ಜಾಗಕ್ಕೆ ಹಗ್ಗ ಬಿಗಿದಿದ್ದಾನೆ.
"ಅಲ್ಲಿ ಬ್ಯಾಡ್ರಿ, ಹೊಳ್ಳಸ್ರಿ ಗಾಡಿ!"
ಗರಸಿನಲ್ಲಿ ಗರಸಿನದೇ ಬಣ್ಣದ ನಾಲ್ಕು ತತ್ತಿ;
ಟಿಟ್ಟಿಭ ಒಂದೇ ಸಮನೆ
ನಮ್ಮ ಏಳು ತಲೆಮಾರು ಬೈಯುತ್ತಿದೆ.

ಹೊರಡುವಾಗ ಸಹಿಗೆಂದು ಬಗ್ಗಿದರೆ
ನಮ್ಮ ಮೇಲಿನ ಸಾಲಿನಲ್ಲಿ ಅವನ ಸೊಟ್ಟ ಅಕ್ಷರ:
ಟಿಟ್ಟಿಭ. ಜನ ಎರಡು. ಗಾಡಿ ಇಲ್ಲ.
ಉದ್ದೇಶ, ಬಾಣಂತನ.
ಹೊರಹೋದ ವೇಳೆ ಖಾಲಿ.

ನನ್ನದು ಬರೆದೆ:
ಐದೂ ಹತ್ತು.