ಗ್ವಾಡಿಗಿ ನೀರು

ಮುರನಾಳ ಸಂಗಣ್ಣನ ಬೊಲೆರೊ
ನನ್ನ ಗೇಟಿನ ಮುಂದ ನಿಂತು ಎರಡು ವರ್ಷ.
ಸ್ಕೂಟಿ ಹೊರಗ ತಗೀಬೇಕಂದ್ರ
ಅದರ ಬಂಪರಿಗಿ ನಮಸ್ಕಾರ ಮಾಡಿದಂಗ ಬಾಗಿ
ಹ್ಯಾಂಡಲ್ ಹೊರಳಿಸಿ ಹೊರಳಿಸಿ
ಮೊಣಕೈ ಕೆತ್ತಿಸಿಕೊಂಡು ಹೋಗಬೇಕು.
ಹೇಳಿದರ, "ಐದ ಮಿನಿಟ್ರಿ ಅಕ್ಕಾರ."
ಅಂವನ ಐದು ಮಿನಿಟಿನ್ಯಾಗ
ನಾಲ್ಕು ಜಂಪರು ಹೊಲಿದು, ಹುಕ್ ಹಚ್ಚಿ,
ಇಸ್ತ್ರಿ ಮಾಡಿ ಮಡಚಿ ಇಟ್ಟೀನಿ ನಾ.

ಆಮ್ಯಾಲ ಇಟ್ಟಂಗಿ ಬಂದ್ವು.
ಯುಗಾದಿಗಿ ಒಂದು ಟ್ರಿಪ್ಪು, ಬಸವ ಜಯಂತಿಗಿ ಒಂದು.
ಉಸುಕು ನನ್ನ ಕಟ್ಟಿ ಮ್ಯಾಲ,
ಕಬ್ಬಿಣದ ಸಳಿ ನನ್ನ ಗಟಾರದ ಮ್ಯಾಲ.
"ಏನಿಲ್ರಿ, ಸಣ್ಣದೊಂದು ಸ್ಟೋರ್ ರೂಮು."
ಸಣ್ಣದು ಲಿಂಟಲಿಗಿ ಬಂತು,
ಲಿಂಟಲಿನಿಂದ ಸ್ಲ್ಯಾಬಿಗಿ,
ಸ್ಲ್ಯಾಬಿನ ಮ್ಯಾಲ ಮತ್ತ ನಾಕು ಸಳಿ
ಮುಗಿಲಿಗಿ ಬಟ್ಟು ಮಾಡಿಕೊಂಡು ನಿಂತ್ವು.

ಒಂದು ಮಧ್ಯಾಹ್ನ, ಓಣ್ಯಾಗ ಯಾರೂ ಇಲ್ಲದಾಗ
ಕೊಳ್ಳಾಗಿನ ಟೇಪು ತಗದು ಅಳೆದೆ.
ಎದಿ, ಸೊಂಟ, ತೋಳು ಅಳಿಯೂ ಟೇಪು.
ಬಿಡಬೇಕಾದದ್ದು ಐದು ಫೂಟು.
ಬಿಟ್ಟದ್ದು ಹನ್ನೊಂದು ಇಂಚು.

ಗುಳೇದಗುಡ್ಡದ ಖಣ ಹೊಲಿಯೂ ಮುಂದ
ಒಳಗ ಅರ್ಧ ಇಂಚು ಅರಿವಿ ಬಿಡ್ತೀನಿ ನಾ,
ನಾಳೆ ಮೈ ಬಂತಂದ್ರ ಬಿಚ್ಚಿಕೊಳ್ಳಲಿ ಅಂತ.
ಮೊನ್ನಿ ಸಂಗಣ್ಣನ ಮಗಳ ಜಂಪರು
ಹಂಗ ಬಿಚ್ಚಿ ಕೊಟ್ಟೆ, ರೊಕ್ಕ ತಗೊಳ್ಳಲಿಲ್ಲ.
ಮನಿಗೂ ಮೈ ಬರತೈತಿ, ಗೊತ್ತೈತಿ.
ತನ್ನ ಅರಿವ್ಯಾಗ ಬರಬೇಕೋ ಬ್ಯಾಡೋ?

ಪ್ರಾಧಿಕಾರದ ಆಫೀಸಿನ್ಯಾಗ
ಅರ್ಜಿ ಓದಿದ ಹುಡುಗ ಹೇಳಿದ,
"ಅನದಿಕೃತ ಅಲ್ರಿ, ದಕ್ಕ ಹೊಟ್ಟಿ ಸೀಳಬೇಕು."
ಅಲ್ಲೇ ನಿಂತು ಸೀಳಿದೆ.
ಸಿಕ್ಕಾ ಹೊಡಿಸಿದ ಪ್ರತಿ ತಂದು
ಮಷಿನ್ನಿನ ಖಾನ್ಯಾಗ, ಬಾಬಿನ್ನಿನ ಕೆಳಗ ಇಟ್ಟೆ.

ಗುರುವಾರ ನಡುರಾತ್ರಿ ಬೊಲೆರೊ ಸಪ್ಪಳ.
ಏಳರಾಗಿದ್ದ ಮಗಳನ್ನ ಹಿಂದಿನ ಸೀಟಿನ್ಯಾಗ ಮಲಗಿಸಿ
ಹುಬ್ಬಳ್ಳಿ ದವಾಖಾನಿಗಿ ಹೋದರು.
ಮುಂಜಾನಿ ಫೋನು:
"ಅರಾಮದಾಳ್ರಿ ಅಕ್ಕಾರ, ನಾಕು ದಿನ ಇಟಗೋತಾರಂತ.
ಮತ್ತ… ಹ್ಯಾಂಗ ಕೇಳೂದು ತಿಳೀವಲ್ದು.
ಗ್ವಾಡಿ ಹಸೀದೈತ್ರಿ. ಬಿಸಲಿಗಿ ಬಿರಿತೈತಿ.
ಎರಡು ಹೊತ್ತು ನೀರು ಹೊಡೀತೀರೇನು?"
ಯಾವ ಗ್ವಾಡಿ ಅಂತ ನಾ ಕೇಳಲಿಲ್ಲ.
ಅಂವನೂ ಹೇಳಲಿಲ್ಲ.

ನೀರಿಗಿ ಗ್ವಾಡಿ ಕೊಟ್ಟು ಬಂದ ಮಂದಿ ನಾವು.
ಹಳೇ ಬಾಗಲಕೋಟಿಯ ನಮ್ಮ ಮನಿ, ಇವರ ಮನಿ
ಎರಡೂ ಈಗ ಹಿನ್ನೀರಿನ್ಯಾಗ.
ಅಲ್ಲಿ ಎರಡಕ್ಕೂ ಒಂದ ಗ್ವಾಡಿ ಇತ್ತು,
ಆಕಡೆ ಕೆಮ್ಮಿದರ ಈಕಡೆ ಕಷಾಯ ಕುದೀತಿತ್ತು.
ಜಗಳ ಇರಲಿಲ್ಲ ಅಂತಲ್ಲ.
ಪನಾಳಿ ನೀರಿನ ಸಲುವಾಗಿ
ಅಂವನ ಅಪ್ಪ, ನಮ್ಮಪ್ಪ
ಹನ್ನೆರಡು ವರ್ಷ ಮಾತಾಡಿರಲಿಲ್ಲ.

ಪೈಪು ಹಿಡಿದೆ.
ಹಸಿ ಸಿಮೆಂಟು ಗಟಗಟ ಕುಡೀತು,
ಕೂಸಿನಂಗ, ಬಾಯಿ ತಗೀಲಾರದ.
ನನ್ನ ಟಾಕಿ ಅರ್ಧ ಆತು.
ಬೈಕೊಂತ ಹೊಡೆದೆ, ಹೊಡಕೊಂತ ಬೈದೆ.

ಗೇಟಿನ ಮುಂದ ಎಣ್ಣಿ ಕಲಿ ಅಷ್ಟ ಉಳದಿತ್ತು.
ಸ್ಕೂಟಿ ಸೀದಾ ಹೊರಗ ಬರಬಹುದಿತ್ತು;
ರೂಢಿ, ಬಾಗಿ ಹೊರಳಿಸಿಯೇ ತಗದೆ.

ಶನಿವಾರ ಪ್ರಾಧಿಕಾರದ ಮನಿಷ್ಯಾ ಬಂದ,
ಕೈಯಾಗ ಉಕ್ಕಿನ ಟೇಪು.
"ಅರ್ಜಿ ಹಾಕಿದವರು ಯಾರ್ರಿ?"
"ನಾನ."
"ನೀರು ಹೊಡ್ಯಾಕತ್ತವರು?"
"ಅದೂ ನಾನ."
ನನ್ನ ನೋಡಿದ, ಪೈಪು ನೋಡಿದ, ಬಗ್ಗಿ ಅಳೆದ.
"ಹನ್ನೊಂದಲ್ರಿ, ಹನ್ನೊಂದೂವರಿ."

ಹೌದೇನೋ. ಅರಿವಿ ಟೇಪು ನಂದು,
ಊರ ಮಂದಿ ಮೈ ಅಳದಳದು ಜಗ್ಗಿರಬೇಕು.

ಅಂವ ಬರಕೊಂಡ.
ನಾ ಪೈಪಿನ ಬಾಯಿಗಿ ಹೆಬ್ಬಟ್ಟು ಒತ್ತಿ
ಮ್ಯಾಲಿನ ಒಣ ವರಸಿಗಿ
ನೀರು ಮುಟ್ಟಿಸಿದೆ.