ಆರು, ಏಳು

ಮಂಗಳವಾರ ಹತ್ತೂವರೆ. ಚರ್ಚಿನ ಹಿಂದಿನ ಹಾಲ್‌ನಲ್ಲಿ
ಗೋಡೆಗೆ ಅಂಟಿಸಿದ ಒಂದು ಹಾಳೆ,
ಆರರಿಂದ ಇಪ್ಪತ್ತರವರೆಗೆ ಅಂಕಿ.
ಆರು ಅಂದರೆ ಏನೂ ಕಷ್ಟವಿಲ್ಲ, ಸುಮ್ಮನೆ ಕೂತಂತೆ.
ಇಪ್ಪತ್ತು ಅಂದರೆ ಇನ್ನಾಗದು.
ಸೊನ್ನೆಯಿಂದ ಯಾಕಿಲ್ಲ, ಕೇಳಿದ್ದೆ ಮೊದಲ ದಿನ.
ಬದುಕಿರುವವರಿಗೆ ಸೊನ್ನೆ ಇಲ್ಲ, ಅಂದ ಡೆಲ್‌ರಾಯ್,
ಮೂವತ್ತು ವರ್ಷ ಬಸ್ಸು ಓಡಿಸಿದವನು,
ಸೀಳಿ ಹೊಲಿದ ಎದೆಯ ಮೇಲೆ
ಇಸ್ತ್ರಿ ಮುರಿಯದ ಅಂಗಿ ತೊಟ್ಟವನು.

ಫಿಸಿಯೊ ರುತ್ ಗಡಿಯಾರ ಹಿಡಿದು ಸುತ್ತುತ್ತಾಳೆ: ಎಷ್ಟು ಕಷ್ಟ?
ಹನ್ನೆರಡು, ಅನ್ನುತ್ತೇವೆ ಎಲ್ಲರೂ.
ಹನ್ನೆರಡು ಅಂದರೆ ಯಾರೂ ಬೈಯುವುದಿಲ್ಲ,
ಚಹಾ ಬೇಗ ಸಿಗುತ್ತದೆ.

ಕುರ್ಚಿಯಿಂದ ಏಳು, ಕೂಡು, ಏಳು.
ಗದಗಿನ ಶಾಲೆಯಲ್ಲಿ ಕಿವಿ ಹಿಡಿದು ಹೊಡೆದ ಬಸ್ಕಿ
ಐವತ್ತಮೂರಕ್ಕೆ ಇಲ್ಲಿ ಔಷಧದ ಚೀಟಿಯಲ್ಲಿ ಬಂದಿದೆ.
ಆಗ ಲೆಕ್ಕ ತಪ್ಪಿದ್ದಕ್ಕೆ. ಈಗ ಯಾವುದಕ್ಕೆ?
ಎರಡೂ ಕೈಯಲ್ಲಿ ಬೀನ್ಸ್ ಡಬ್ಬಿ ಹಿಡಿದು ಎತ್ತುತ್ತ
ಒಮ್ಮೆ ಹೊಳೆಯಿತು:
ನನ್ನ ಭಾಷೆಯಲ್ಲಿ ಆರು ಅಂದರೆ ದೀಪ ಆರುವುದೂ ಹೌದು,
ಅದರ ಮುಂದಿನ ಅಂಕಿಯೇ ಏಳು.
ಇದನ್ನು ಇವರಿಗೆ ಹೇಗೆ ಹೇಳಲಿ, ಬಿಟ್ಟೆ.

ಇಪ್ಪತ್ತೆರಡು ವರ್ಷ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಯಾರ್ಯಾರದೋ ರಕ್ತದ ಕಣ ಎಣಿಸಿದವಳು ನಾನು.
ಮುಖ ನೋಡದೆ, ಚೀಟಿ ನೋಡಿ
ಇವರಿಗೆ ಕಡಿಮೆ, ಇವರಿಗೆ ಜಾಸ್ತಿ ಅಂದವಳು.
ನನ್ನದೇ ನಳಿಕೆ ಬಂದ ದಿನವೂ
ಯಂತ್ರ ಎಂದಿನ ಹಾಗೆಯೇ ಗುರುಗುಟ್ಟಿತಂತೆ.
ಎರಡು ಸ್ಟೆಂಟು ಕೂರಿಸಿ, ಹೃದಯ ಚೆನ್ನಾಗಿದೆ ಅಂದರು.
ಚೆನ್ನಾಗಿರುವ ಹೃದಯ ಹೊತ್ತು
ನಲವತ್ತು ದಿನ ಹಾಸಿಗೆಯಲ್ಲೇ ಇದ್ದೆ.
ಕೆಟಲ್‌ವರೆಗೆ ಹನ್ನೊಂದು ಹೆಜ್ಜೆ. ಎಣಿಸಿದ್ದೆ. ಇಡಲಿಲ್ಲ.

ಅಕ್ಕ ಫೋನಿನಲ್ಲಿ: ಮನಸ್ಸಿಗೆ ಹಚ್ಕೋಬ್ಯಾಡವಾ.
ಮುಲಾಮೇ ಅದು?
ಹಚ್ಚಿಕೊಂಡದ್ದಲ್ಲ ಅಕ್ಕಾ, ಹತ್ತಿಕೊಂಡದ್ದು,
ಹಸಿ ಕಟ್ಟಿಗೆಯ ಹಾಗೆ. ಉರಿಯಿಲ್ಲ, ಬರೀ ಹೊಗೆ.
ಖಿನ್ನತೆ ಅನ್ನುವುದನ್ನು ಪೇಪರಿನಲ್ಲಿ ಓದಿದ್ದೆನೇ ಹೊರತು
ನಮ್ಮ ಮನೆಯ ಯಾರ ಬಾಯಲ್ಲೂ ಕೇಳಿರಲಿಲ್ಲ.
ಹೆಸರು ಗೊತ್ತಿಲ್ಲದ ನೆಂಟರನ್ನು
ಹೊರಡಿ ಅನ್ನುವುದು ಹೇಗೆ?

ನವೆಂಬರಿನ ಒಂದು ಮಂಗಳವಾರ.
ವ್ಯಾಯಾಮ ಶುರುವೇ ಆಗಿರಲಿಲ್ಲ,
ಕೋಟಿನ ಗುಂಡಿ ಕೂಡ ಬಿಚ್ಚಿರಲಿಲ್ಲ.
ರುತ್ ರೂಢಿಗೆ ಕೇಳಿದಳು: ಎಷ್ಟು?
ಹದಿನೇಳು, ಅಂದಿತು ನನ್ನ ಬಾಯಿ.
ನಿಂತಲ್ಲೇ.

ಯಾಕೆ, ಅನ್ನಲಿಲ್ಲ ಯಾರೂ.
ಗ್ಲೆನಿಸ್, ಉಣ್ಣೆಯ ಮಿಲ್ಲಿನ ಮಗ್ಗಗಳಿಗೆ ಕಿವಿ ಕೊಟ್ಟು ಬಂದವಳು,
ತುಟಿ ಓದಿಯೇ ಮಾತು ತಿಳಿಯುವವಳು,
ನನ್ನ ಬಾಯಿ ನೋಡಿ ಇಡೀ ಹಾಲಿಗೆ ಕೇಳುವಂತೆ:
ನನಗೆ ಹದಿನೆಂಟು. ಮಾರ್ಚ್‌ನಿಂದ.
ಡೆಲ್‌ರಾಯ್ ಲೇಸು ಕಟ್ಟುತ್ತ, ತಲೆ ಎತ್ತದೆ:
ರಾತ್ರಿ ಹತ್ತೊಂಬತ್ತು. ಹಗಲು ಪರವಾಗಿಲ್ಲ.
ಟ್ಯಾಕ್ಸಿಯ ಜಫರ್ ಸಾಹೇಬರು ಏನೂ ಅನ್ನದೆ
ಬೀನ್ಸ್ ಡಬ್ಬಿ ತಂದು ನನ್ನ ಕೈಗಿಟ್ಟರು.
ಅಂದು ಆರು ಬಸ್ಕಿ. ಹತ್ತಲ್ಲ.

ಆಮೇಲೆ ಎಲ್ಲ ನೆಟ್ಟಗಾಯಿತು ಅಂತಲ್ಲ.
ಎರಡು ವಾರ ಹೋಗಲೇ ಇಲ್ಲ.
ಮೂರನೆಯದಕ್ಕೆ ಗ್ಲೆನಿಸ್ ಬಾಗಿಲಲ್ಲಿ:
ಒಳಗೆ ಬರಲ್ಲ. ನಿನ್ನ ಮನೆ ಗಲೀಜಾಗಿರತ್ತೆ, ನನ್ನದೂ ಹಾಗೇ ಇದೆ.
ಬೂಟು ಹಾಕು. ಆ ದೀಪದ ಕಂಬದ ತನಕ.

ಹೋದೆವು. ಕಂಬ ಮುಟ್ಟಿದೆವು. ಬಂದೆವು.
ಮರುದಿನ ಎರಡನೆಯ ಕಂಬ.
ಹಡರ್ಸ್‌ಫೀಲ್ಡಿನಲ್ಲಿ ಎತ್ತ ಹೊರಟರೂ ಏರು,
ಮೊಣಕಾಲಿಗೆ ಸುಳ್ಳು ಹೇಳಲು ಬಿಡದ ಊರು.

ಈಗ ಏಳನೆಯ ಕಂಬ.
ಅದರ ಬಲ್ಬು ಆರಿ ವರ್ಷವಾಯಿತು;
ಕೌನ್ಸಿಲ್ಲಿಗೆ ಗ್ಲೆನಿಸ್ ಮೂರು ಸಲ ಬರೆದಿದ್ದಾಳೆ, ಬೈದು.
ನಾಲ್ಕು ಗಂಟೆಗೇ ಕತ್ತಲು.
ನನ್ನ ತುಟಿ ಅವಳಿಗೆ ಕಾಣದು.
ಅದಕ್ಕೆ ಕೈಗವಸು ತೆಗೆದು, ಏದುಸಿರಿನಲ್ಲೇ,
ಅವಳ ಅಂಗೈಗೆ ಬೆರಳೊತ್ತಿ ಹೇಳುತ್ತೇನೆ:
ಹತ್ತು. ಮತ್ತೆ ಮೂರು.
ಅವಳು ತನ್ನದನ್ನು ಒತ್ತತೊಡಗುತ್ತಾಳೆ, ನಿಧಾನ.
ಎಣಿಸುತ್ತಿದ್ದೇನೆ.